ಕಡತ, ಮಡಿಕೆ, ಲಕೋಟೆ: ಸೇಲಂ–ಧರ್ಮಪುರಿ ಸೀಮೆಯ ಮನೆಪಾಠದಲ್ಲಿ ಲ್ಯಾಪ್‌ಬುಕ್

ಇಂದಿನ ಕಚೇರಿ ಕನ್ನಡದಲ್ಲಿ ಕಡತವೆಂದರೆ ಫೈಲು. ಲ್ಯಾಪ್‌ಬುಕ್ ಮಾಡುವುದಕ್ಕೆ ಮೊದಲು ಬೇಕಾದುದೂ ಒಂದು ಫೈಲೇ. ರಟ್ಟಿನ ಫೈಲನ್ನು ಬಿಡಿಸಿ, ಎರಡು ಬದಿಗಳನ್ನೂ ಬಾಗಿಲ ಕದಗಳಂತೆ ನಡುಗೆರೆಗೆ ಮಡಚಿ, ಒಳಗೆ ಪುಟ್ಟ ಪುಸ್ತಕ, ಮುಚ್ಚಳ, ತಿರುಗುಚಕ್ರ, ಲಕೋಟೆಗಳನ್ನು ಅಂಟಿಸಿ ಮಡಿಲ ಮೇಲಿಟ್ಟುಕೊಂಡು ಓದುವ ಸಾಧನ ಅದು. ಅಮೆರಿಕದ ಮನೆಶಾಲೆಗಳಲ್ಲಿ ಇದು ಬೆಳೆಯಿತು. ಡೈನಾ ಜೈಕ್ 1992ರಲ್ಲಿ ಹೊರತಂದ ಕಾಗದಮಡಿಕೆಯ ಕೈಪಿಡಿ ಅದಕ್ಕೆ ಮುಖ್ಯ ಆಧಾರವಾಯಿತು. ಹೀಗೆ ಬಂದ ವಸ್ತುವಿಗೆ ಕನ್ನಡದಲ್ಲಿ ಹೊಸ ಹೆಸರು ಹುಡುಕುವವರು ‘ಕಡತ’ದ ಹಳೆಯ ಅರ್ಥವನ್ನು ಒಮ್ಮೆ ನೋಡುವುದು ಒಳ್ಳೆಯದು.

ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ 1823ರ ತನ್ನ ವರದಿಯಲ್ಲಿ ಅಲ್ಲಿನ ಮಠದ ಮಕ್ಕಳು ಬರೆಯುವ ರೀತಿಯನ್ನು ವಿವರಿಸಿದ್ದಾನೆ. ಮೊದಲು ಮರಳಿನ ಮೇಲೆ ಬೆರಳಿನಿಂದ ತಿದ್ದುವುದು. ಮುಂದೆ ಓಲೆ, ಕಾಗದ, ಹಲಗೆ, ಕಡತ. ಬಟ್ಟೆಗೆ ಗಂಜಿ ಹಾಕಿ ಗಡುಸು ಮಾಡಿ, ಪುಸ್ತಕದಂತೆ ಪದರಪದರವಾಗಿ ಮಡಚಿ, ಇದ್ದಿಲು ಮತ್ತು ಅಂಟಿನ ಲೇಪ ಕೊಟ್ಟರೆ ಕಡತ. ಬಳಪದಲ್ಲಿ ಬರೆದುದನ್ನು ಒದ್ದೆ ಬಟ್ಟೆಯಿಂದ ಒರೆಸಿ ಮತ್ತೆ ಬರೆಯಬಹುದು. ಅದಕ್ಕೂ ಮೊದಲೇ, 1810ರಲ್ಲಿ, ಮಾರ್ಕ್ ವಿಲ್ಕ್ಸ್ ಮೈಸೂರು ಸೀಮೆಯ ಕಡತಗಳ ಅಳತೆ ಕೊಟ್ಟಿದ್ದ: ಅಗಲ 8ರಿಂದ 12 ಅಂಗುಲ, ಉದ್ದ 12ರಿಂದ 18 ಅಡಿ, ಎರಡು ತುದಿಗೂ ಮರದ ಹಲಗೆ. ಕತ್ತರಿಸದೆ ಬರೀ ಮಡಚಿಯೇ ಪುಟ ಮಾಡಿದ ಪುಸ್ತಕವಿದು. ಶಾನುಭೋಗರ ಲೆಕ್ಕವೂ ವರ್ತಕರ ಬಾಕಿಯೂ ಇದರಲ್ಲೇ ಇದ್ದವು. ನೂಲಿಗೆ ಗಂಜಿ ಹಾಕುವುದನ್ನು ತಲೆಮಾರುಗಳಿಂದ ಬಲ್ಲ, ಮನೆಯೊಳಗೆ ಕನ್ನಡವಾಡುವ ಸೇಲಂನ ದೇವಾಂಗ ಕುಟುಂಬಗಳಿಗೆ ಈ ಕೆಲಸದಲ್ಲಿ ಯಾರೂ ಪಾಠ ಹೇಳಬೇಕಾಗಿಲ್ಲ.

ಮನೆಪಾಠವೂ ಈ ಸೀಮೆಗೆ ಹೊಸತಲ್ಲ. ಬಾರಾಮಹಲ್ 1792ರಲ್ಲಿ ಟಿಪ್ಪುವಿನಿಂದ ಕಂಪನಿಗೆ ಹೋದಾಗ ಅಲೆಕ್ಸಾಂಡರ್ ರೀಡ್‌ನ ಕೈಕೆಳಗೆ ಕಂದಾಯ ಕೆಲಸಕ್ಕೆ ನಿಂತ ಥಾಮಸ್ ಮನ್ರೋ 1799ರವರೆಗೂ ಇಲ್ಲಿದ್ದ. ಮುಂದೆ ಮದರಾಸಿನ ಗವರ್ನರನಾಗಿ 1822ರಲ್ಲಿ ಪ್ರಾಂತ್ಯದ ಶಾಲೆಗಳ ಎಣಿಕೆ ಮಾಡಿಸಿದವನೂ ಅವನೇ. ಆ ಎಣಿಕೆಯಲ್ಲಿ ಮದರಾಸು ನಗರದ ಲೆಕ್ಕ ವಿಚಿತ್ರವಾಗಿದೆ: ಮನೆಯಲ್ಲೇ ಕಲಿಯುತ್ತಿದ್ದವರು 26,000ಕ್ಕೂ ಹೆಚ್ಚು, ಅಂದರೆ ಶಾಲೆಗೆ ಹೋಗುತ್ತಿದ್ದವರ ಸುಮಾರು ಐದು ಪಟ್ಟು. ಧರಂಪಾಲ್ 1983ರಲ್ಲಿ ಈ ದಾಖಲೆಗಳನ್ನು ಅಚ್ಚು ಹಾಕಿಸಿದ ಮೇಲೆ ಶಾಲೆಗಳ ಸಂಖ್ಯೆಯ ಬಗ್ಗೆ ಬೇಕಾದಷ್ಟು ವಾಗ್ವಾದ ನಡೆದಿದೆ. ಮನೆಯ ಜಗಲಿಯ ಮೇಲೆ ಕಲಿತವರತ್ತ ಅಷ್ಟು ಕಣ್ಣು ಹಾಯಿಸಿದವರು ಕಡಿಮೆ.

ಇವತ್ತಿನ ಮಾತಿಗೆ ಬಂದರೆ, ಧರ್ಮಪುರಿ ಜಿಲ್ಲೆಯ ನಾಗರ್‌ಕೂಡಲ್ ಬಳಿಯ ಪುವಿದಂ ಕಲಿಕಾ ಕೇಂದ್ರ ಬೆಳೆದದ್ದು ಸ್ವಂತ ಮಕ್ಕಳನ್ನು ಮಾಮೂಲಿ ಶಾಲೆಗೆ ಕಳಿಸಲೊಲ್ಲದ ಹೆತ್ತವರ ಯೋಚನೆಯಿಂದ. ಅಂಥ ಪೂರ್ಣ ಮನೆಶಾಲೆಗಳು ಬೆರಳೆಣಿಕೆಯವು. ಕನ್ನಡದ ಮನೆಗಳಲ್ಲಿ ನಡೆಯುವುದು ಬೇರೊಂದು ಬಗೆ: ಹಗಲು ತಮಿಳು ಅಥವಾ ಇಂಗ್ಲಿಷ್ ಶಾಲೆ, ಸಂಜೆ ಅಜ್ಜಿಯೋ ತಾಯಿಯೋ ಹೇಳಿಕೊಡುವ ಕನ್ನಡ ಅಕ್ಷರ. ತಮಿಳನ್ನು ಒಂದನೇ ತರಗತಿಯಿಂದ ಹಂತಹಂತವಾಗಿ ಕಡ್ಡಾಯ ಮಾಡಿದ 2006ರ ಕಾನೂನಿನ ನಂತರ ಕನ್ನಡದ ಭಾರ ಇನ್ನಷ್ಟು ಮನೆಯ ಮೇಲೆಯೇ ಬಿದ್ದಿತು. ಇಂಥ ಸಂಜೆಪಾಠಕ್ಕೆ ಸಿಗುವುದು ಮುಕ್ಕಾಲು ಗಂಟೆ. ಹೊಸ ಪಠ್ಯಪುಸ್ತಕ ತಂದಿಟ್ಟರೆ ಮಗು ಅದನ್ನು ಮುಟ್ಟುವುದಿಲ್ಲ. ಎಂಟು ಪುಟದ ಪುಸ್ತಕವನ್ನು ತಾನೇ ಮಾಡಬಹುದೆಂದರೆ ಕೂರುತ್ತದೆ.

ಆದರೆ ಏನನ್ನು ಮಡಿಸಬೇಕು? ಲ್ಯಾಪ್‌ಬುಕ್ಕಿನ ಬಗ್ಗೆ ನನ್ನ ತಕರಾರಿರುವುದು ಇಲ್ಲಿಯೇ. ಅಚ್ಚು ತೆಗೆದು ಅಂಟಿಸುವ ಸಿದ್ಧ ಮಾದರಿಗಳಲ್ಲಿ ಮುಚ್ಚಳದ ಮೇಲೆ ‘ಮೋಶೆ ಹುಟ್ಟಿದ್ದು ಎಲ್ಲಿ?’ ಎಂದಿರುತ್ತದೆ, ಎತ್ತಿದರೆ ‘ಐಗುಪ್ತ’. ಇದು ಪ್ರಶ್ನೋತ್ತರವೇ ಹೊರತು ಮಡಿಕೆಯ ಅಗತ್ಯವಿರುವ ಪಾಠವಲ್ಲ. ಮಡಿಕೆಗೆ ಅರ್ಥ ಬರುವುದು ಮುಚ್ಚಿದಾಗ ಒಂದು, ತೆರೆದಾಗ ಇನ್ನೊಂದು ಕಾಣುವ ವಸ್ತುವಿನಲ್ಲಿ. ಹದಿನೇಳನೆಯ ಶತಮಾನದ ಇಂಗ್ಲೆಂಡಿನವರಿಗೆ ಇದು ಗೊತ್ತಿತ್ತು. 1650ರ ಒಂದು ಮಡಿಕೆ ಹಾಳೆಯಲ್ಲಿ ಆದಾಮನ ಚಿತ್ರದ ಪದರಗಳನ್ನು ಎತ್ತಿದರೆ ಅವನೇ ಹವ್ವಳಾಗಿ ಬದಲಾಗುತ್ತಾನೆ. ಅದಕ್ಕೂ ಹಿಂದೆ, 1614ರಲ್ಲಿ, ಜಾನ್ ಟೇಲರ್ ಇಡೀ ಬೈಬಲ್ಲನ್ನು ಹೆಬ್ಬೆರಳಿನಷ್ಟು ಪುಸ್ತಕದಲ್ಲಿ ಪದ್ಯವಾಗಿ ಇಳಿಸಿದ್ದ. ಕಿರುಪುಸ್ತಕಕ್ಕೂ ಬೈಬಲ್ ಪಾಠಕ್ಕೂ ಇರುವ ನಂಟು ಮನೆಶಾಲೆ ಚಳವಳಿಗಿಂತ ಮೂರು ಶತಮಾನ ಹಳೆಯದು.

ಇತಿಹಾಸದ ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಧರ್ಮಪುರಿಯ ಹಳೆಯ ಹೆಸರು ತಗಡೂರು. ಶಕ 815ರ ಅಲ್ಲಿನ ಕನ್ನಡ ಶಾಸನವೊಂದು ಶ್ರೀಮಂಗಲದ ಸೆಟ್ಟಿಯ ಮಕ್ಕಳಾದ ನಿಧಿಯಣ್ಣ, ಚಂದಿಯಣ್ಣ ಎಂಬಿಬ್ಬರು ತಗಡೂರಿನಲ್ಲಿ ಬಸದಿ ಕಟ್ಟಿಸಿದ್ದನ್ನು ಹೇಳುತ್ತದೆ. ನೊಳಂಬ ದೊರೆ ಮಹೇಂದ್ರ ಒಂದು ಹಳ್ಳಿಯನ್ನು ನಿಧಿಯಣ್ಣನಿಗೆ ಕೊಟ್ಟ. ನಿಧಿಯಣ್ಣ ಅದನ್ನು ಬಸದಿಗಾಗಿ ಕನಕಸೇನ ಭಟಾರರಿಗೆ ಒಪ್ಪಿಸಿದ. ಒಂದು ಎ-4 ಹಾಳೆಯನ್ನು ಮೂರು ಸಲ ಅರ್ಧಕ್ಕೆ ಮಡಚಿ ಬಿಡಿಸಿದರೆ ಎಂಟು ಮನೆ ಬೀಳುತ್ತವೆ. ಅಗಲಕ್ಕೆ ಒಮ್ಮೆ ಮಡಚಿ, ಮಡಿಕೆಯ ಕಡೆಯಿಂದ ನಡುವಿನವರೆಗೆ ಮಾತ್ರ ಕತ್ತರಿ ಹಾಕಬೇಕು. ಮತ್ತೆ ಬಿಡಿಸಿ, ಉದ್ದಕ್ಕೆ ಮಡಚಿ, ಎರಡು ತುದಿ ಹಿಡಿದು ಒಳಕ್ಕೆ ನೂಕಿದರೆ ಸೀಳು ಬಾಯಿಬಿಟ್ಟು ಹಾಳೆ ಪುಸ್ತಕವಾಗುತ್ತದೆ. ಹೊಲಿಗೆ ಬೇಡ, ಅಂಟು ಬೇಡ. ಹೊದಿಕೆ ಎರಡು ಪುಟ ಹೋದರೆ ಉಳಿಯುವುದು ಆರು: ಊರು, ಅಣ್ಣತಮ್ಮಂದಿರು, ಬಸದಿ, ದೊರೆ, ಹಳ್ಳಿ, ಭಟಾರರು. ಹಿಂಬದಿಯ ಹೊದಿಕೆಯಲ್ಲಿ ಒಂದು ಕೂಡಿಸುವ ಲೆಕ್ಕ, 815ಕ್ಕೆ 78 ಸೇರಿದರೆ 893. ಪುಟ ತಿರುವಿದಂತೆಲ್ಲ ಹಳ್ಳಿ ಕೈಯಿಂದ ಕೈಗೆ ದಾಟುವುದು ಮಗುವಿಗೆ ಕಾಣುತ್ತದೆ. ದಾನಶಾಸನದ ಒಡಲೇ ಹೀಗೆ ಹಂತಹಂತವಾದದ್ದು. ಅದಕ್ಕೇ ಈ ಮಡಿಕೆ ಇಲ್ಲಿ ಒಗ್ಗುತ್ತದೆ.

ಕಾಲಾನುಕ್ರಮಕ್ಕೆ ಮಾತ್ರ ಕಡತವೇ ಬೇಕು. ಉದ್ದ ಕಾಗದದ ಪಟ್ಟಿಯನ್ನು ಹನ್ನೆರಡು ಮಡಿಕೆ ಮಾಡಿ, ಮಡಿಕೆಗೊಂದು ಶತಮಾನವೆಂದು 800ರಿಂದ ಹೊರಟರೆ 893ರ ಶಾಸನ ಮೊದಲ ಮಡಿಕೆಯಲ್ಲಿ ಬೀಳುತ್ತದೆ. ಮಧುರೆಯಿಂದ ಹೊರಟ ರೊಬೆರ್ತೊ ದೆ ನೊಬಿಲಿ ಸೇಲಂ ತಲುಪಿದ 1623 ಒಂಬತ್ತನೆಯದರಲ್ಲಿ, 1792 ಹತ್ತನೆಯದರಲ್ಲಿ, ಲಂಡನ್ ಮಿಷನ್ನಿನ ಹೆನ್ರಿ ಕ್ರಿಸ್ಪ್ ಸೇಲಂಗೆ ಬಂದ 1827 ಹನ್ನೊಂದರಲ್ಲಿ, ಸೇಲಂನಿಂದ ಧರ್ಮಪುರಿ ಬೇರೆ ಜಿಲ್ಲೆಯಾದ 1965 ಕೊನೆಯದರಲ್ಲಿ. ನಡುವೆ ಏಳು ಮಡಿಕೆ ಖಾಲಿ. ನೋಟುಪುಸ್ತಕದಲ್ಲಿ ಬರೆದರೆ 893ರ ಕೆಳಗಿನ ಸಾಲಿಗೇ 1623 ಬಂದು ಕೂರುತ್ತದೆ, ಏಳುನೂರು ವರ್ಷ ಒಂದು ಗೆರೆಯಷ್ಟಾಗುತ್ತದೆ. ಕಡತ ಆ ಖಾಲಿಯನ್ನು ಮುಚ್ಚಿಡುವುದಿಲ್ಲ. ಚೋಳರು, ಹೊಯ್ಸಳರು, ವಿಜಯನಗರ ಎಲ್ಲಿ ಎಂದು ಮಗುವೇ ಕೇಳಬೇಕಾಗುತ್ತದೆ.

ಬೈಬಲ್ ಪಾಠಕ್ಕೂ ಇದೇ ಪಟ್ಟಿ ಉಪಯೋಗಕ್ಕೆ ಬರುತ್ತದೆ, ಒಂದು ಷರತ್ತಿನ ಮೇಲೆ. ಪೌಲನ ಪ್ರಯಾಣಗಳಿಗೆ ಒಂದನೆಯ ಶತಮಾನವೆಂಬ ನೆಲೆಯಿದೆ; ಎಡಕ್ಕೆ ಇನ್ನೂ ಎಂಟು ಮಡಿಕೆ ಸೇರಿಸಿದರೆ ಅವನಿಗೆ ಜಾಗ ಸಿಗುತ್ತದೆ. ದಾರಿ ತಪ್ಪಿದ ಕುರಿಯ ಸಾಮ್ಯಕ್ಕೆ, ನೋಹನ ನಾವೆಗೆ ಅಂಥ ಮಡಿಕೆ ಇಲ್ಲ. ಅವನ್ನು ಲ್ಯಾಪ್‌ಬುಕ್ಕಿನ ಲಕೋಟೆಯಲ್ಲಿ ಇಡಬೇಕು, ಪಟ್ಟಿಗೆ ಅಂಟಿಸಬಾರದು. ಇಸವಿ ಇರುವುದಕ್ಕೆ ಮಡಿಕೆ, ಕಥೆಯಾಗಿ ಬದುಕುವುದಕ್ಕೆ ಲಕೋಟೆ. ಅಚ್ಚಿನ ಮಾದರಿಗಳು ಎರಡನ್ನೂ ಒಂದೇ ಬಣ್ಣದ ಪೆಟ್ಟಿಗೆಯಲ್ಲಿ ತುಂಬುತ್ತವೆ. ಇತಿಹಾಸ ಪಾಠವೂ ಧರ್ಮಪಾಠವೂ ಅಲ್ಲಿಂದಲೇ ಸೊರಗತೊಡಗುತ್ತವೆ. ಲಕೋಟೆಗೆ ಹೋದದ್ದು ಕೀಳೆಂದಲ್ಲ. ಸಾಮ್ಯವನ್ನು ಹೊರತೆಗೆದು ಮತ್ತೆ ಮತ್ತೆ ಹೇಳಬಹುದು, ದಾನಶಾಸನಕ್ಕೆ ಆ ಭಾಗ್ಯವಿಲ್ಲ.

ಮುಚ್ಚಳಕ್ಕೆ ಈ ಸೀಮೆಯಲ್ಲಿ ಹೇಳಿ ಮಾಡಿಸಿದ ವಸ್ತುವೆಂದರೆ ಹೆಸರುಗಳು. ಹಳೆಯ ಕಥೋಲಿಕ ಬಳಕೆಯಲ್ಲಿ ಪೇತ್ರ ರಾಯಪ್ಪ, ಯೋಹಾನ ಅರುಳಪ್ಪ, ಪೌಲ ಚಿನ್ನಪ್ಪ. ತಮಿಳಿನಿಂದ ಬಂದ ಈ ಹೆಸರುಗಳು ಕನ್ನಡ ಕ್ರೈಸ್ತರ ಮನೆಗಳಲ್ಲೂ ಬೇರೂರಿವೆ. ಮೇಲೆ ‘ಚಿನ್ನಪ್ಪ’ ಎಂದು ಬರೆದು ಕೊಟ್ಟರೆ ಕನ್ನಡದ ಮಗು ಬಂಗಾರದ ಚಿತ್ರ ಬರೆಯುತ್ತದೆ. ಮುಚ್ಚಳ ಎತ್ತಿದರೆ ತಮಿಳಿನ ‘ಚಿನ್ನ’, ಅಂದರೆ ಸಣ್ಣ. ಅದರಡಿಯ ಇನ್ನೊಂದು ಮುಚ್ಚಳದಲ್ಲಿ ಲ್ಯಾಟಿನ್ನಿನ ‘ಪೌಲುಸ್’, ಅದರ ಅರ್ಥವೂ ಸಣ್ಣವನೇ. ಅರುಳಪ್ಪನ ಕೆಳಗೆ ತಮಿಳಿನ ‘ಅರುಳ್’, ಕೃಪೆ. ಅದರ ಕೆಳಗೆ ಹೀಬ್ರೂವಿನ ‘ಯೋಹಾನಾನ್’, ದೇವರು ಕೃಪಾಳು. ರಾಯಪ್ಪನ ಸರದಿ ಬಂದಾಗ ಗ್ರೀಕಿನ ‘ಪೆತ್ರೋಸ್’ ಕಲ್ಲು ಎಂದು ಹೇಳಿದರೆ ಸಾಕು. ಪಕ್ಕದ ಮನೆಯ ತೆಲುಗು ಕೇಳಿ ಬೆಳೆದ ಮಗು ‘ರಾಯಿ!’ ಎಂದು ತಾನೇ ಕೂಗುತ್ತದೆ. ಮೂರು ಭಾಷೆ ಬೆರೆತ ಜಿಲ್ಲೆಯ ಮಗುವಿಗೆ ಸಿಗುವ ಅನುಕೂಲವಿದು. ವರ್ಜೀನಿಯಾದ ಮನೆಶಾಲೆಗೆ ಇದು ಸಿಗಲಾರದು.

ಒಂದು ತೊಡಕು ಉಳಿದಿದೆ. ಕಡತದಲ್ಲಿ ಬರೆದುದನ್ನು ಒರೆಸಬಹುದಿತ್ತು, ಲ್ಯಾಪ್‌ಬುಕ್ಕಿನ ಅಂಟು ಬಿಡುವುದಿಲ್ಲ. ಮಗು ಹತ್ತನೆಯ ವಯಸ್ಸಿನಲ್ಲಿ ಬರೆದ ತಪ್ಪು ಹದಿನೈದರಲ್ಲೂ ಹಾಗೇ ಇರುತ್ತದೆ. ಪಟ್ಟಿಯ ಖಾಲಿ ಮಡಿಕೆಗಳಿಗಾದರೂ ಪೆನ್ನು ಬೇಡ, ಪೆನ್ಸಿಲು ಸಾಕು. ಮುಚ್ಚಳಗಳನ್ನು ಅಂಟಿಸುವ ಬದಲು ದಾರದಲ್ಲಿ ಕಟ್ಟಿದರೆ ಬಿಚ್ಚಿ ಬೇರೆ ಹಾಕಲು ಬರುತ್ತದೆ. ಮಗ್ಗದ ಮನೆಯಲ್ಲಿ ದಾರಕ್ಕೇನೂ ಬರವಿಲ್ಲ.