ಬೆಳವಣಿಗೆ ನಕ್ಷೆಯ ಆಯ್ಕೆ: ಮೇಲೂರಿನ ಅಂಗನವಾಡಿಯಿಂದ ನೋಡಿದಾಗ

ಶಿಡ್ಲಘಟ್ಟ ತಾಲ್ಲೂಕಿನ ಮೇಲೂರಿನಲ್ಲಿ ಹನ್ನೆರಡು ತಿಂಗಳ ಹೆಣ್ಣುಮಗುವೊಂದು ಅಂಗನವಾಡಿ ತಕ್ಕಡಿಯಲ್ಲಿ 7.4 ಕೆಜಿ ತೂಗಿತೆಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿಯ 1972ರ ವರ್ಗೀಕರಣವು ಹಾರ್ವರ್ಡ್ ನಕ್ಷೆಯ ಮಧ್ಯಾಂಕದ ಶೇ. 80ಕ್ಕಿಂತ ಹೆಚ್ಚು ತೂಗುವ ಮಗುವನ್ನಷ್ಟೇ ಸಹಜ ಎನ್ನುತ್ತಿತ್ತು. ಅದರಂತೆ ಈಕೆ ಮೊದಲ ದರ್ಜೆಯ ಅಪೌಷ್ಟಿಕ ಮಗು. ವಿಶ್ವ ಆರೋಗ್ಯ ಸಂಸ್ಥೆಯ 2006ರ ನಕ್ಷೆಯಲ್ಲಿ ಈ ವಯಸ್ಸಿನ ಹೆಣ್ಣುಮಕ್ಕಳ ಮಧ್ಯಾಂಕ 8.9 ಕೆಜಿ, ಕೆಳಗಡಿ 7.0 ಕೆಜಿ. ಇಲ್ಲಿ ಈಕೆ ಸಹಜ.

ಹೊಸ ನಕ್ಷೆ ಸಡಿಲವಾಗಿದೆ ಎಂದು ಇದರಿಂದ ತೀರ್ಮಾನಿಸುವಂತಿಲ್ಲ. ಅದಕ್ಕೂ ಮೊದಲು ಜಗತ್ತಿನಾದ್ಯಂತ ಬಳಕೆಯಲ್ಲಿದ್ದ 1977ರ ಅಮೆರಿಕದ ನಕ್ಷೆಯ ಶೈಶವದ ಭಾಗ ನಿಂತಿದ್ದುದು ಓಹಾಯೊದ, ಹೆಚ್ಚಾಗಿ ಬಾಟಲಿ ಹಾಲು ಕುಡಿದ ಮಕ್ಕಳ ಮೇಲೆ. ತಾಯಿಯ ಹಾಲು ಕುಡಿಯುವ ಕೂಸು ಮೊದಲ ತಿಂಗಳುಗಳಲ್ಲಿ ಬೇಗ ಬೆಳೆದು, ಆಮೇಲೆ ನಿಧಾನಿಸುತ್ತದೆ. ಆ ಸಹಜ ನಿಧಾನವೇ ಹಳೆಯ ನಕ್ಷೆಯಲ್ಲಿ ಕುಸಿತವಾಗಿ ಕಂಡು, ಹಾಲು ಸಾಲದೆಂದು ಮೇಲುಹಾಲಿಗೆ ಅವಸರಿಸಲು ನೆಪವಾಗುತ್ತಿತ್ತು. ಇದು ಸಣ್ಣ ಹಾನಿಯಲ್ಲ.

2006ರ ನಕ್ಷೆಗೆ ಪೆಲೋಟಸ್, ಅಕ್ರಾ, ದೆಹಲಿ, ಓಸ್ಲೊ, ಮಸ್ಕತ್, ಡೇವಿಸ್‌ಗಳ ಸುಮಾರು 8,440 ಮಕ್ಕಳನ್ನು ಅಳೆಯಲಾಯಿತು: ಎದೆಹಾಲು ಕುಡಿದವರು, ತಾಯಿ ಧೂಮಪಾನಿಯಲ್ಲದವರು, ಬಡತನ ಬೆಳವಣಿಗೆಗೆ ಅಡ್ಡಿಯಾಗದವರು. ಈ ಮಾನದಂಡ ಭಾರತದ ಅಪೌಷ್ಟಿಕತೆಯನ್ನು ಉಬ್ಬಿಸುತ್ತದೆ ಎಂದು ಅರವಿಂದ ಪನಗಾರಿಯಾ 2013ರಲ್ಲಿ ವಾದಿಸಿದರು. ನನಗೆ ಆ ವಾದ ಒಪ್ಪಿಗೆಯಿಲ್ಲ. ಅನುಕೂಲವಿದ್ದ ದಕ್ಷಿಣ ದೆಹಲಿಯ ಮಕ್ಕಳ ಉದ್ದ ಉಳಿದ ಊರುಗಳ ಮಕ್ಕಳದಕ್ಕೆ ತೀರಾ ಹತ್ತಿರವಿತ್ತು. ನಮ್ಮ ಹಳ್ಳಿಗಳ ಈಗಿನ ಸರಾಸರಿಯನ್ನೇ ನಕ್ಷೆಯಾಗಿಸಿದರೆ ತಲೆಮಾರುಗಳ ಹಸಿವಿಗೆ ಸಹಜತೆಯ ಮುದ್ರೆ ಒತ್ತಿದಂತಾಗುತ್ತದೆ.

ನನ್ನ ತಕರಾರು ಬೇರೆ. ಮೇಲೂರಿನ ಆ ಮಗುವಿನ ಉದ್ದ 68 ಸೆಂ.ಮೀ. ಎನ್ನೋಣ. 2006ರ ನಕ್ಷೆಯಲ್ಲಿ ಉದ್ದದ ಕೆಳಗಡಿ 68.9. ವಯಸ್ಸಿಗೆ ತಕ್ಕ ತೂಕವಿದೆ, ಉದ್ದಕ್ಕೆ ತಕ್ಕ ತೂಕವೂ ಇದೆ. ಆದರೂ ಮಗು ಕುಂಠಿತ. ತೂಕದ ನಕ್ಷೆಯೊಂದನ್ನೇ ನೋಡುವವರಿಗೆ ಇದು ಕಾಣುವುದಿಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಂತೆ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35.4 ಮಂದಿ ಕುಂಠಿತರು.

ಉದ್ದ ಅಳೆಯುವುದು ತೂಗಿದಷ್ಟು ಸುಲಭವಲ್ಲ. ಎರಡು ವರ್ಷದೊಳಗಿನ ಮಗುವನ್ನು ಹಲಗೆಯ ಮೇಲೆ ಮಲಗಿಸಬೇಕು. ಒಬ್ಬರು ತಲೆಯನ್ನು ಹಲಗೆಗೆ ತಾಗಿಸಿ ಹಿಡಿದರೆ, ಇನ್ನೊಬ್ಬರು ಮಂಡಿ ಒತ್ತಿ ಪಾದ ನೇರ ಮಾಡಬೇಕು. ನಿಲ್ಲಿಸಿ ಅಳೆದರೆ ಸುಮಾರು 0.7 ಸೆಂ.ಮೀ. ಕಡಿಮೆ ಬರುತ್ತದೆ. ಗಡಿಯಂಚಿನ ಮಗು ಆ ಕಡೆಯೋ ಈ ಕಡೆಯೋ ಆಗಲು ಅಷ್ಟು ಸಾಕು. ಹಾಗಾಗಿ ಸರಿಯಾದ ನಕ್ಷೆಯ ಜೊತೆಗೆ ಪ್ರತಿ ಅಂಗನವಾಡಿಗೂ ಗಟ್ಟಿಯಾದ ಹಲಗೆ ಕೊಡಬೇಕು, ಕಾರ್ಯಕರ್ತೆಗೂ ಸಹಾಯಕಿಗೂ ಒಟ್ಟಿಗೇ ಅಳತೆಯ ತರಬೇತಿ ಕೊಡಬೇಕು.