ಗೋಡೆಯ ಪ್ರಮಾಣಪತ್ರ, ಕೌಂಟರಿನ ಮನುಷ್ಯ: ಔಷಧ ವೃತ್ತಿಯ ನಿಯಂತ್ರಣ ನಡೆದು ಬಂದ ದಾರಿ

ಕಡೂರು, ತರೀಕೆರೆ, ಅಜ್ಜಂಪುರ, ಈ ಮೂರು ತಾಲ್ಲೂಕುಗಳ ಯಾವ ಊರಿನ ಔಷಧಿ ಅಂಗಡಿಗೆ ಹೋದರೂ ಗೋಡೆಯ ಮೇಲೆ ಎರಡು ಬಗೆಯ ಕಾಗದ ಕಾಣಬೇಕು. ಒಂದು, ಔಷಧ ನಿಯಂತ್ರಣ ಇಲಾಖೆ ಕೊಟ್ಟ 20 ಮತ್ತು 21ನೇ ನಮೂನೆಯ ಲೈಸೆನ್ಸು. ಅದು ಅಂಗಡಿಗೆ ಸಂಬಂಧಿಸಿದ್ದು. ಇನ್ನೊಂದು, ಕರ್ನಾಟಕ ರಾಜ್ಯ ಫಾರ್ಮಸಿ ಪರಿಷತ್ತಿನ ನೋಂದಣಿ ಪ್ರಮಾಣಪತ್ರ. ಅದು ಮನುಷ್ಯನಿಗೆ ಸಂಬಂಧಿಸಿದ್ದು. ಎರಡಕ್ಕೂ ಬೇರೆ ಬೇರೆ ಕಾಯ್ದೆ, ಬೇರೆ ಬೇರೆ ಸಂಸ್ಥೆ. ಇವು ಒಟ್ಟಿಗೆ ಹುಟ್ಟಿದವೂ ಅಲ್ಲ. ಕಾನೂನಿನ ಕಣ್ಣು ಮೊದಲು ಬಿದ್ದದ್ದು ಔಷಧಿಯ ಮೇಲೆ, ಅದನ್ನು ಕೊಡುವ ಕೈಯ ಮೇಲೆ ಬಿದ್ದದ್ದು ಆಮೇಲೆ. ಆ ಕೈ ಇವತ್ತಿಗೂ ಸಮರ್ಥವಾಗಿದೆಯೇ ಎಂದು ವಿಚಾರಿಸುವ ಕೆಲಸ ಇನ್ನೂ ಅರ್ಧದಲ್ಲೇ ನಿಂತಿದೆ.

ಕಾಂಪೌಂಡರ್ ಕಾಲ

1947ರವರೆಗೆ ಈಗಿನ ಚಿಕ್ಕಮಗಳೂರು ಜಿಲ್ಲೆಗೆ ಕಡೂರು ಜಿಲ್ಲೆ ಎಂದೇ ಹೆಸರು. ಮಲೆನಾಡಿನ ಸೆರಗಿನ ಈ ಸೀಮೆಯಲ್ಲಿ ಮಲೇರಿಯಾ ಮನೆಮನೆಯ ಮಾತಾಗಿತ್ತು, ಕ್ವಿನೈನ್ ಇಲ್ಲದೆ ಗತಿಯಿರಲಿಲ್ಲ. ಆಸ್ಪತ್ರೆಯಲ್ಲಿ ಡಾಕ್ಟರು ಬರೆದ ಚೀಟಿ ನೋಡಿ ಮಿಕ್ಸ್ಚರ್ ಕಲಸಿ, ರೋಗಿ ಮನೆಯಿಂದ ತಂದ ಸೀಸೆಗೆ ತುಂಬಿ, ಎಷ್ಟು ಹೊತ್ತಿಗೆ ಎಷ್ಟು ಎಂದು ತಿಳಿಯಲು ಕತ್ತರಿಸಿದ ಕಾಗದದ ಪಟ್ಟಿ ಅಂಟಿಸಿ ಕೊಡುತ್ತಿದ್ದವರು ಕಾಂಪೌಂಡರು. ಬಹುಮಟ್ಟಿಗೆ ಕೈಕೆಲಸದಿಂದಲೇ ಕಲಿತ ವಿದ್ಯೆ ಅದು.

ಕಲಬೆರಕೆ ಕ್ವಿನೈನ್ ಮಾರಾಟವಾಗುತ್ತಿದೆ ಎಂಬ ದೂರು 1920ರ ದಶಕದಲ್ಲಿ ದೇಶದ ಶಾಸನಸಭೆಯವರೆಗೂ ಹೋಯಿತು. 1930ರಲ್ಲಿ ಕರ್ನಲ್ ಆರ್.ಎನ್. ಚೋಪ್ರಾ ಅಧ್ಯಕ್ಷತೆಯ ಔಷಧ ವಿಚಾರಣಾ ಸಮಿತಿ ನೇಮಕವಾಗಿ, ಮರುವರ್ಷವೇ ವರದಿ ಕೊಟ್ಟಿತು. ಔಷಧಿಯ ಗುಣಮಟ್ಟಕ್ಕೂ ಕಾನೂನು ಬೇಕು, ಔಷಧಿ ಕೊಡುವವರ ಶಿಕ್ಷಣಕ್ಕೂ ನೋಂದಣಿಗೂ ಕಾನೂನು ಬೇಕು ಎಂದು ಸಮಿತಿ ಹೇಳಿತ್ತು. ಮೊದಲನೆಯದಕ್ಕೆ 1940ರ ಔಷಧ ಕಾಯ್ದೆ, 1945ರ ನಿಯಮಗಳು ಬಂದವು. ಎರಡನೆಯದು 1948ರವರೆಗೆ ಕಾಯಬೇಕಾಯಿತು.

ಪಟ್ಟಿಗೆ ಹೆಸರು

1948ರ ಫಾರ್ಮಸಿ ಕಾಯ್ದೆ ಕೇಂದ್ರದಲ್ಲಿ ಭಾರತೀಯ ಫಾರ್ಮಸಿ ಪರಿಷತ್ತನ್ನೂ ರಾಜ್ಯಗಳಲ್ಲಿ ರಾಜ್ಯ ಪರಿಷತ್ತುಗಳನ್ನೂ ಕಲ್ಪಿಸಿತು. ಪಠ್ಯಕ್ರಮ, ಕಾಲೇಜುಗಳ ಮಾನ್ಯತೆ ಕೇಂದ್ರಕ್ಕೆ. ನೋಂದಣಿ, ಶಿಸ್ತು ರಾಜ್ಯಕ್ಕೆ. ಆಗ ಓದಿದವರು ವಿರಳ. ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಮಹಾದೇವ ಲಾಲ್ ಶ್ರಾಫ್ ಪದವಿ ತರಗತಿ ಕಟ್ಟಿದ್ದೇ 1930ರ ದಶಕದಲ್ಲಿ. ಹಾಗಾಗಿ ಮೊದಲ ಪಟ್ಟಿಗೆ, ಡಾಕ್ಟರ ಚೀಟಿಯಂತೆ ಔಷಧಿ ತಯಾರಿಸಿ ಕೊಡುವ ಕಡೆ ಐದು ವರ್ಷ ದುಡಿದ ಅನುಭವಿಗಳನ್ನೂ ಸೇರಿಸಿಕೊಳ್ಳಲಾಯಿತು. ಕಾಂಪೌಂಡರು ಫಾರ್ಮಸಿಸ್ಟ್ ಆದದ್ದು ಹೀಗೆ. ಅದು ಅನಿವಾರ್ಯವಾಗಿತ್ತು, ನ್ಯಾಯವೂ ಆಗಿತ್ತು.

ಕಾಯ್ದೆಯ ಜೀವಾಳವೆಂದರೆ 42ನೇ ಸೆಕ್ಷನ್. ನೋಂದಾಯಿತ ಫಾರ್ಮಸಿಸ್ಟ್ ಅಲ್ಲದವರು ಡಾಕ್ಟರ ಚೀಟಿಗೆ ಔಷಧಿ ಕೊಡುವಂತಿಲ್ಲ ಎನ್ನುತ್ತದೆ ಅದು. ಇದನ್ನು ಜಾರಿಗೆ ತರಲು ಮಾತ್ರ ರಾಜ್ಯಗಳಿಗೆ ಮತ್ತೆ ಮತ್ತೆ ಕಾಲಾವಕಾಶ ಸಿಕ್ಕಿತು. ದೇಶದಾದ್ಯಂತ ಅದು ಕಡ್ಡಾಯವಾದದ್ದು 1984ರ ಸೆಪ್ಟೆಂಬರ್ 1ರಿಂದ, ಅಂದರೆ ಕಾಯ್ದೆ ಬಂದ 36 ವರ್ಷಗಳ ಮೇಲೆ. ಆಗ ಶಿಕ್ಷೆ ಆರು ತಿಂಗಳವರೆಗಿನ ಜೈಲು ಅಥವಾ ಒಂದು ಸಾವಿರ ರೂಪಾಯಿವರೆಗಿನ ದಂಡ ಅಥವಾ ಎರಡೂ ಆಗಿತ್ತು. 2023ರ ಜನ ವಿಶ್ವಾಸ ಕಾಯ್ದೆ ಬರುವವರೆಗೂ ಆ ದಂಡ ಏರಲಿಲ್ಲ.

ಓದು ಬೆಳೆದ ಬಗೆ

ಈ ಅವಧಿಯಲ್ಲಿ ಶಿಕ್ಷಣ ವೇಗವಾಗಿ ಬೆಳೆಯಿತು. ಬೆಂಗಳೂರಿನ ಸರ್ಕಾರಿ ಫಾರ್ಮಸಿ ಕಾಲೇಜು 1964ರಲ್ಲಿ ಆರಂಭವಾಯಿತು. 1991ರ ಶಿಕ್ಷಣ ನಿಯಮಾವಳಿ ಡಿ.ಫಾರ್ಮಾ (ಫಾರ್ಮಸಿ ಡಿಪ್ಲೊಮಾ) ಓದು ಮುಗಿಸಿದವರಿಗೆ 500 ಗಂಟೆಗಳ ತರಬೇತಿ ಕಡ್ಡಾಯ ಮಾಡಿತು. ಅದರಲ್ಲಿ 250 ಗಂಟೆ ನಿಜವಾದ ಚೀಟಿಗೆ ನಿಜವಾದ ಔಷಧಿ ಕೊಡುವುದರಲ್ಲೇ ಕಳೆಯಬೇಕು. 1990ರ ದಶಕದ ಕೊನೆಯಲ್ಲಿ ಮೈಸೂರಿನ ಜೆಎಸ್‌ಎಸ್ ಕಾಲೇಜು ಫಾರ್ಮಸಿ ಪ್ರಾಕ್ಟೀಸ್‌ನಲ್ಲಿ ಸ್ನಾತಕೋತ್ತರ ಓದು ತಂದು, ಫಾರ್ಮಸಿಸ್ಟ್‌ನನ್ನು ವಾರ್ಡಿಗೆ, ರೋಗಿಯ ಹಾಸಿಗೆಯ ಬಳಿಗೆ ಕರೆದೊಯ್ದಿತು. 1997ರಲ್ಲಿ ಕರ್ನಾಟಕ ರಾಜ್ಯ ಫಾರ್ಮಸಿ ಪರಿಷತ್ತು ಔಷಧ ಮಾಹಿತಿ ಕೇಂದ್ರ ತೆರೆಯಿತು. ಪರಿಷತ್ತು ಎಂದರೆ ಶುಲ್ಕ ಕಟ್ಟಿಸಿಕೊಳ್ಳುವ ಕಚೇರಿ ಮಾತ್ರವಲ್ಲ ಎಂದು ತೋರಿಸಿದ ಒಳ್ಳೆಯ ಹೆಜ್ಜೆ ಅದು.

ಕಾಲೇಜುಗಳು ಹೆಚ್ಚಿದಂತೆ ಗುಣಮಟ್ಟದ ಪ್ರಶ್ನೆಯೂ ಎದ್ದಿತು. ಅದಕ್ಕೆ ಉತ್ತರವಾಗಿ ಬಂದದ್ದು 2022ರ ಡಿಪ್ಲೊಮಾ ನಿರ್ಗಮನ ಪರೀಕ್ಷೆಯ ನಿಯಮಾವಳಿ. ಡಿ.ಫಾರ್ಮಾ ಪಾಸಾದರೆ ಸಾಲದು, ಈ ಪರೀಕ್ಷೆಯನ್ನೂ ಗೆದ್ದವರಿಗೆ ಮಾತ್ರ ನೋಂದಣಿ. ಮೊದಲ ಪರೀಕ್ಷೆ 2024ರ ಅಕ್ಟೋಬರ್‌ನಲ್ಲಿ ನಡೆಯಿತು.

ಹೆಸರು ತೆಗೆಯುವ ಅಧಿಕಾರ

ಒಳಗೆ ಬರುವ ಬಾಗಿಲು ಹೀಗೆ ಬಿಗಿಯಾಯಿತು. ಒಳಗೆ ಬಂದ ಮೇಲೆ? ಅದಕ್ಕೆ ಫಾರ್ಮಸಿ ಕಾಯ್ದೆಯ 36ನೇ ಸೆಕ್ಷನ್ ಇದೆ. ತಪ್ಪು ಮಾಹಿತಿ ಕೊಟ್ಟು ಹೆಸರು ಸೇರಿಸಿದ್ದರೆ, ಅಪರಾಧ ಸಾಬೀತಾಗಿದ್ದರೆ ಅಥವಾ ವೃತ್ತಿಗೆ ಕಳಂಕ ತರುವ ನಡತೆ ಕಂಡುಬಂದರೆ ರಾಜ್ಯ ಪರಿಷತ್ತಿನ ಕಾರ್ಯಕಾರಿ ಸಮಿತಿ ವಿಚಾರಣೆ ನಡೆಸಿ ಹೆಸರು ತೆಗೆಯಬಹುದು. ಕೈಕೆಳಗಿನವರ ತಪ್ಪಿಗೆ ಫಾರ್ಮಸಿಸ್ಟ್‌ನ ಕುಮ್ಮಕ್ಕಿದ್ದರೆ ಅವನೂ ಹೊಣೆ. ಆದೇಶವನ್ನು ಪರಿಷತ್ತು ದೃಢಪಡಿಸಬೇಕು. ದೃಢಪಟ್ಟ ಮೂರು ತಿಂಗಳ ನಂತರ ಅದು ಜಾರಿಗೆ ಬರುತ್ತದೆ. ಸರ್ಕಾರಕ್ಕೆ ಮೇಲ್ಮನವಿ ಸಲ್ಲಿಸಲು ಅವಕಾಶವಿದೆ.

ಯಾವುದು ದುರ್ನಡತೆ ಎಂಬುದನ್ನು ಬಿಡಿಸಿ ಹೇಳಿದ್ದು 2015ರ ಫಾರ್ಮಸಿ ಪ್ರಾಕ್ಟೀಸ್ ನಿಯಮಾವಳಿ. ಬಿಳಿ ಕೋಟು, ಹೆಸರು ಮತ್ತು ನೋಂದಣಿ ಸಂಖ್ಯೆಯ ಬಿಲ್ಲೆ, ರೋಗಿಗೆ ತಿಳಿವಳಿಕೆ ಹೇಳುವುದು, ಐದು ವರ್ಷಕ್ಕೆ ಕನಿಷ್ಠ ಎರಡು ಪುನಶ್ಚೇತನ ತರಬೇತಿ, ಎಲ್ಲವೂ ಅದರಲ್ಲಿವೆ. ತಾನು ಕೆಲಸ ಮಾಡದ ಅಂಗಡಿಗೆ ಸರ್ಟಿಫಿಕೇಟ್ ಬಾಡಿಗೆಗೆ ಕೊಡುವುದು ಈ ವೃತ್ತಿಯ ಹಳೆಯ ಹುಣ್ಣು. ನಿಯಮಾವಳಿ ಬಂದರೂ ಅದು ಮಾಯ್ದಿಲ್ಲ. 2022ರ ನವೆಂಬರ್‌ನಲ್ಲಿ ಬಿಹಾರದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್, ನೋಂದಾಯಿತ ಫಾರ್ಮಸಿಸ್ಟ್ ಇಲ್ಲದೆ ಔಷಧಿ ಕೊಡುವುದು ಜನರ ಆರೋಗ್ಯಕ್ಕೇ ಅಪಾಯ, ಇದನ್ನು ತಡೆಯುವುದು ಪರಿಷತ್ತಿನ ಮತ್ತು ರಾಜ್ಯ ಸರ್ಕಾರದ ಕರ್ತವ್ಯ ಎಂದು ಸ್ಪಷ್ಟಪಡಿಸಿತು.

ಬ್ರಿಟನ್ನಿನಲ್ಲಿ 2010ರಿಂದ ಜನರಲ್ ಫಾರ್ಮಸ್ಯೂಟಿಕಲ್ ಕೌನ್ಸಿಲ್ ಈ ಹೊಣೆ ಹೊತ್ತಿದೆ. ಅಲ್ಲಿ ವಿಚಾರಣೆಗೆ ಬರುವುದು ನಡತೆಯೊಂದೇ ಅಲ್ಲ, ಸಾಮರ್ಥ್ಯ ಮತ್ತು ಆರೋಗ್ಯ ಕೂಡ. ಕುಡಿತದ ಚಟಕ್ಕೆ ಬಿದ್ದವರನ್ನು, ಮರೆವು ಬಾಧಿಸುತ್ತಿರುವವರನ್ನು ಅಪರಾಧಿ ಎಂದು ಹೊರದೂಡದೆ, ಷರತ್ತು ಹಾಕಿ ಕೆಲಸದಲ್ಲಿ ಉಳಿಸುವ, ಅಗತ್ಯವಿದ್ದರೆ ಅಮಾನತಿನಲ್ಲಿಡುವ ನಡುದಾರಿ ಅಲ್ಲಿದೆ. ನಮ್ಮ 36ನೇ ಸೆಕ್ಷನ್‌ಗೆ ಹೆಸರು ತೆಗೆಯುವುದು ಮಾತ್ರ ಗೊತ್ತು.

ಒಂದು ರಿಜಿಸ್ಟರ್, ಮೂರು ತಾಲ್ಲೂಕು

ಕಾನೂನು ಜೀವಂತವಾಗಿದೆಯೇ ಎಂದು ತಿಳಿಯಲು ಎಚ್1 ರಿಜಿಸ್ಟರ್ ಒಂದನ್ನು ತೆರೆದರೆ ಸಾಕು. ಪ್ರಬಲ ಆ್ಯಂಟಿಬಯಾಟಿಕ್‌ಗಳು, ಕ್ಷಯದ ಔಷಧಿಗಳು, ಚಟ ಹಿಡಿಸುವ ಕೆಲವು ಮಾತ್ರೆಗಳು ಸೇರಿ 46 ಔಷಧಿಗಳೊಂದಿಗೆ ಆರಂಭವಾದ ಎಚ್1 ಅನುಸೂಚಿ 2014ರ ಮಾರ್ಚ್‌ನಿಂದ ಜಾರಿಯಲ್ಲಿದೆ. ಬರೆದ ಡಾಕ್ಟರ ಹೆಸರು ವಿಳಾಸ, ರೋಗಿಯ ಹೆಸರು, ಔಷಧಿ, ಪ್ರಮಾಣ ಇಷ್ಟನ್ನೂ ಕೊಡುವಾಗಲೇ ಬರೆದು, ಮೂರು ವರ್ಷ ಇಟ್ಟಿರಬೇಕು. ಒಂದೇ ಕೈಬರಹ, ಒಂದೇ ಪೆನ್ನು, ಇಡೀ ತಿಂಗಳ ಸಾಲುಗಳು ಒಂದೇ ಸಲ ತುಂಬಿದಂತಿದ್ದರೆ ಕೌಂಟರಿನ ಹಿಂದೆ ಫಾರ್ಮಸಿಸ್ಟ್ ಇದ್ದರೇ ಎಂದು ಅನುಮಾನಿಸಬೇಕಾಗುತ್ತದೆ.

ಕಡೂರು, ಬೀರೂರು, ತರೀಕೆರೆಗಳಂಥ ಹೆದ್ದಾರಿ ಊರಿನ ಸಮಸ್ಯೆ ಹೀಗೆ ಕೌಂಟರಿನಲ್ಲಿ ಫಾರ್ಮಸಿಸ್ಟ್ ಇಲ್ಲದಿರುವುದಾದರೆ, ಯಗಟಿ, ಶಿವನಿ, ಲಿಂಗದಹಳ್ಳಿಗಳ ಸಮಸ್ಯೆ ಇನ್ನೊಂದು. ಫಾರ್ಮಸಿಸ್ಟ್ ಬೇಕಿಲ್ಲದ ನಿರ್ಬಂಧಿತ ಲೈಸೆನ್ಸಿನಲ್ಲಿ ಚೀಟಿಯ ಔಷಧಿ ಮಾರುವಂತಿಲ್ಲ, ಆದರೆ ಹಳ್ಳಿಯವರಿಗೆ ಬೇಕಾದದ್ದು ಅದೇ. ಹೊಲದ ಕೆಲಸ ಬಿಟ್ಟು, ಬಸ್ಸಿಗೆ ದುಡ್ಡು ಕೊಟ್ಟು ಪೇಟೆಗೆ ಬಂದ ರೈತನಿಗೆ ಅಲ್ಲೂ ಓದಿದವರು ಸಿಗದಿದ್ದರೆ ಕಾಯ್ದೆಯಿಂದ ಅವನಿಗೆ ಬಂದ ಭಾಗ್ಯವೇನು?

ಆಗಬೇಕಾದದ್ದು

2023ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ 1948ರ ಕಾಯ್ದೆಯ ಬದಲಿಗೆ ರಾಷ್ಟ್ರೀಯ ಫಾರ್ಮಸಿ ಆಯೋಗದ ಕರಡು ಮಸೂದೆ ಪ್ರಕಟಿಸಿತು. ಹೊಸ ಕಾನೂನು ಬರುವುದಾದರೆ ಅದರಲ್ಲಿ ಸಾಮರ್ಥ್ಯಕ್ಕೂ ಆರೋಗ್ಯಕ್ಕೂ ಜಾಗ ಇರಲಿ, ತಿದ್ದಿಕೊಳ್ಳಲು ಅವಕಾಶವಿರಲಿ. ಪುನಶ್ಚೇತನ ತರಬೇತಿ ಬೆಂಗಳೂರಿನಲ್ಲೇ ಏಕೆ ಆಗಬೇಕು? ಮೂರು ತಾಲ್ಲೂಕಿಗೂ ರೈಲು, ಬಸ್ಸು ಕೂಡುವ ಬೀರೂರಿನಲ್ಲಿ ಒಂದು ಭಾನುವಾರ ಇಟ್ಟರೆ ಎಲ್ಲರೂ ಬರಬಲ್ಲರು. ಔಷಧ ನಿಯಂತ್ರಣ ಇಲಾಖೆ ಅಂಗಡಿ ತಪಾಸಣೆಗೆ ಹೋದಾಗ ಫಾರ್ಮಸಿಸ್ಟ್ ಇಲ್ಲದ್ದು ಕಂಡರೆ ಆ ವರದಿ ತಾನಾಗಿಯೇ ಫಾರ್ಮಸಿ ಪರಿಷತ್ತಿಗೆ ತಲುಪುವ ವ್ಯವಸ್ಥೆ ಬೇಕು. ಲೈಸೆನ್ಸು ಒಂದು ಕಡೆ, ನೋಂದಣಿ ಒಂದು ಕಡೆ ಇರುವವರೆಗೂ ನಡುವಿನ ಸಂದಿಯಲ್ಲಿ ಬಾಡಿಗೆ ಸರ್ಟಿಫಿಕೇಟ್ ಬದುಕಿಕೊಳ್ಳುತ್ತದೆ.

ಓದುಗರಲ್ಲಿ ಒಂದು ಮನವಿ. ಚೀಟಿ ಕೊಡುವಾಗ ಇಲ್ಲಿ ಫಾರ್ಮಸಿಸ್ಟ್ ಯಾರು ಎಂದು ಕೇಳಿ. ಅವರಿಂದಲೇ ಔಷಧಿ ಪಡೆದು, ಹೇಗೆ ತೆಗೆದುಕೊಳ್ಳಬೇಕೆಂದು ಅವರನ್ನೇ ಕೇಳಿ, ಬಿಲ್ಲು ಪಡೆಯಿರಿ. ಹೀಗೆ ಕೇಳುವುದು ನಿಷ್ಠೆಯಿಂದ ದುಡಿಯುವ ಫಾರ್ಮಸಿಸ್ಟ್‌ಗೆ ಅವಮಾನವಲ್ಲ, ಅವರ ವೃತ್ತಿಗೆ ಸಲ್ಲುವ ಗೌರವ.