ಮುಳ್ಳಿನ ದಾರಿ ಮತ್ತು ಸೈಕಲ್ ಟೈರು

ಶಾಲೆಯ ಕಟ್ಟಡ, ಭೂದಾನಿಗಳು, ಹಿಂದಿನ ಮುಖ್ಯೋಪಾಧ್ಯಾಯರು ಇವರ ಬಗ್ಗೆ ಈ ಸಂಚಿಕೆಯಲ್ಲಿ ಬಲ್ಲವರು ಬರೆಯುತ್ತಿದ್ದಾರೆ. ಇಲ್ಲಿ ಇತಿಹಾಸ ಪಾಠ ಮಾಡಿದ ನಾನು ಆರಿಸಿಕೊಂಡಿರುವುದು ಸೈಕಲ್ ಟೈರನ್ನು. ಸುತ್ತಲಿನ ಹಳ್ಳಿಗಳ ಮಕ್ಕಳಿಗೆ ಹೈಸ್ಕೂಲು ದಕ್ಕುವುದೂ ತಪ್ಪುವುದೂ ಎಷ್ಟೋ ಸಲ ಅದರ ಮೇಲೆ ನಿಂತಿತ್ತು. ಹಾಜರಿ ಪುಸ್ತಕದಲ್ಲಿ ಗೈರು ಎಂದು ಬರೆಯಲು ಜಾಗವಿದೆ, ಪಂಕ್ಚರ್ ಎಂದು ಬರೆಯಲು ಇಲ್ಲ.

ಗಾಳಿ ತುಂಬಿದ ಟೈರಿಗೆ ಮೊದಲ ಪೇಟೆಂಟ್ ಸಿಕ್ಕಿದ್ದು 1845ರಲ್ಲಿ, ಸ್ಕಾಟ್ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್‌ಗೆ. ರಬ್ಬರು ಲೇಪಿಸಿದ ಬಟ್ಟೆಯ ಕೊಳವೆ, ಅದರ ಮೇಲೆ ಚರ್ಮದ ಹೊದಿಕೆ. ಅದನ್ನು ಕುದುರೆಗಾಡಿಯ ಚಕ್ರಕ್ಕೆ ತೊಡಿಸಿದ್ದ. ಸೈಕಲ್ಲಿನ ಕಾಲ ಇನ್ನೂ ಬಂದಿರಲಿಲ್ಲ, ಜನ ಮರೆತರು. ಆಮೇಲೆ ಬಂದ ಸೈಕಲ್ಲುಗಳಿಗೆ ಇದ್ದದ್ದು ಗಟ್ಟಿ ರಬ್ಬರಿನ ಟೈರು. ಎಂದೂ ಪಂಕ್ಚರ್ ಆಗದ ಟೈರು ಹೀಗೆ ಮೊದಲೇ ಇತ್ತು! ಆದರೆ ಕಲ್ಲುಹಾಸಿನ ಬೀದಿಯಲ್ಲಿ ಸವಾರನ ಮೂಳೆ ಅಲುಗುತ್ತಿತ್ತು. ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ತನ್ನ ಮಗನ ಮೂರುಗಾಲಿ ಸೈಕಲ್ಲಿಗೆ ಗಾಳಿ ಟೈರು ಮಾಡಿ 1888ರಲ್ಲಿ ಪೇಟೆಂಟ್ ಪಡೆದ. ಮರುವರ್ಷ ಅದೇ ಊರಿನ ಪಂದ್ಯಗಳಲ್ಲಿ ವಿಲಿ ಹ್ಯೂಮ್ ಈ ಟೈರು ಹಾಕಿ ಗೆದ್ದಾಗ ನಕ್ಕವರೆಲ್ಲ ಸುಮ್ಮನಾದರು. ಥಾಮ್ಸನ್‌ನ ಹಳೆಯ ಪೇಟೆಂಟ್ ಬೆಳಕಿಗೆ ಬಂದು ಡನ್‌ಲಪ್‌ನದು ಅಸಿಂಧುವಾಯಿತು. ಹೆಸರು ಮಾತ್ರ ಅವನದೇ ಉಳಿಯಿತು.

ನನ್ನ ಮಟ್ಟಿಗೆ ನಿಜವಾದ ಕಥೆ ಇದರ ನಂತರದ್ದು. ಡನ್‌ಲಪ್ ಟೈರನ್ನು ರಿಮ್ಮಿಗೆ ಅಂಟಿಸಿಬಿಡುತ್ತಿದ್ದರು. ಮುಳ್ಳು ಚುಚ್ಚಿದರೆ ಕಿತ್ತು ತೇಪೆ ಹಾಕಿ ಮತ್ತೆ ಅಂಟಿಸಿ ಒಣಗಿಸಲು ಗಂಟೆಗಟ್ಟಲೆ ಬೇಕು. ಫ್ರಾನ್ಸಿನ ಮಿಶೆಲಿನ್ ಸಹೋದರರು ಬಿಚ್ಚಿ ಹಾಕಬಹುದಾದ ಟೈರು ಮಾಡಿದರು. 1891ರಲ್ಲಿ ಅದನ್ನು ಹಾಕಿಕೊಂಡ ಶಾರ್ಲ್ ತೆರಾಂ, ಪ್ಯಾರಿಸ್‌ನಿಂದ ಬ್ರೆಸ್ಟ್‌ಗೆ ಹೋಗಿ ಮರಳುವ ಸುಮಾರು 1200 ಕಿ.ಮೀ. ಪಂದ್ಯ ಗೆದ್ದ. ಮುಂದಿನ ವರ್ಷ ಮಿಶೆಲಿನ್‌ನವರು ತಾವೇ ಏರ್ಪಡಿಸಿದ ಪಂದ್ಯದ ದಾರಿಗೆ ಮೊಳೆ ಚೆಲ್ಲಿಸಿದರು, ರಿಪೇರಿ ಎಷ್ಟು ಸುಲಭವೆಂದು ತೋರಿಸಲು!

ನಮ್ಮ ಕಡೆ ಮೊಳೆ ಚೆಲ್ಲುವ ಅಗತ್ಯವಿಲ್ಲ. ಕರಿಜಾಲಿ, ನೆಗ್ಗಿಲು ಮುಳ್ಳು, ಅಮೆರಿಕ ಖಂಡದಿಂದ ಬಂದೂ ಬಳ್ಳಾರಿಯ ಹೆಸರು ಹೊತ್ತ ಜಾಲಿ, ಎಲ್ಲವೂ ದಾರಿಯುದ್ದಕ್ಕೂ ಇವೆ. 2006-07ರಲ್ಲಿ ಸರ್ಕಾರ ಎಂಟನೇ ತರಗತಿಯವರಿಗೆ ಸೈಕಲ್ ಕೊಡತೊಡಗಿದ ಮೇಲೆ ಹೆಣ್ಣುಮಕ್ಕಳು ಗುಂಪಾಗಿ ಬರತೊಡಗಿದರು. ಒಂಬತ್ತನೇ ತರಗತಿಯ ಒಬ್ಬಳು ವಾರಗಟ್ಟಲೆ ಕಾಣಲಿಲ್ಲ. ವಿಚಾರಿಸಿದರೆ, ಹಿಂದಿನ ಚಕ್ರ ನಾಲ್ಕು ಸಲ ಕೂತಿತ್ತಂತೆ. ಕತ್ತಲಾದ ಮೇಲೆ ತಳ್ಳಿಕೊಂಡು ಬಂದ ಮಗಳನ್ನು ನೋಡಿ ಅಪ್ಪ "ಇನ್ನು ಓದಿದ್ದು ಸಾಕು" ಎಂದಿದ್ದ. ಪಂಕ್ಚರ್ ಅಂಗಡಿಯ ಸಾಬರು ಟೈರಿನ ಒಳಗೆ ಬೆರಳಾಡಿಸಿ, ಮುರಿದು ಉಳಿದ ಮುಳ್ಳಿನ ತುದಿಯೊಂದನ್ನು ಚಿಮುಟದಿಂದ ಎಳೆದರು. ಪ್ರತಿ ಹೊಸ ತೇಪೆಯ ಪಕ್ಕದಲ್ಲೇ ಅದು ಚುಚ್ಚುತ್ತಿತ್ತು. ದಾರ ಕಾಣುವಷ್ಟು ಸವೆದ ಆ ಟೈರನ್ನೂ ಬದಲಿಸಿದೆವು. ಹುಡುಗಿ ಮರಳಿ ಬಂದಳು, ಎಸ್ಸೆಸ್ಸೆಲ್ಸಿ ಮುಗಿಸಿದಳು.

ಯಾವ ಟೈರು ಕೊಳ್ಳಬೇಕೆಂದು ಪೋಷಕರು ಈಗಲೂ ಕೇಳುತ್ತಾರೆ. 1965ರಲ್ಲಿ ಅಮೆರಿಕದ ಸ್ಟೆಫನಿ ಕ್ವೋಲೆಕ್ ಕಂಡುಹಿಡಿದ ನಾರು ಮುಂದೆ ಕೆವ್ಲಾರ್ ಎಂದು ಹೆಸರಾಯಿತು. ಅದರ ಪಟ್ಟಿಯನ್ನು ಗ್ರಿಪ್ಪಿನ ಕೆಳಗೆ ಕೂರಿಸಿದ ಟೈರುಗಳಿವೆ. ಒಳ್ಳೆಯವೇ, ಆದರೆ ಬೆಲೆ ಕೂಲಿಯವರ ಕೈಗೆಟುಕದು. ಗಟ್ಟಿ ಟೈರು ಎದುರುಗಾಳಿಯಲ್ಲಿ ಮಕ್ಕಳ ಕಾಲು ಸೋಲಿಸುತ್ತದೆ. ಗ್ರಿಪ್ ದಪ್ಪವಿರುವ ಸಾಮಾನ್ಯ ಟೈರೇ ಸಾಕು. ಹೊಸದನ್ನು ಹಿಂದಿನ ಚಕ್ರಕ್ಕೆ ಹಾಕಿ, ಭಾರ ಬೀಳುವುದು, ಹೆಚ್ಚು ಪಂಕ್ಚರ್ ಆಗುವುದು ಅದೇ. ಹಳೆಯ ಟ್ಯೂಬನ್ನು ಸೀಳಿ ಒಳಗೆ ಹಾಸಿದರೆ ಸಣ್ಣ ಮುಳ್ಳು ಅಲ್ಲೇ ನಿಲ್ಲುತ್ತದೆ. ಗಾಳಿ ಕಡಿಮೆಯಿದ್ದರೆ ಮಾತ್ರ ಮುಳ್ಳೇ ಬೇಡ, ತಂಗಿಯನ್ನು ಕ್ಯಾರಿಯರಿನಲ್ಲಿ ಕೂರಿಸಿಕೊಂಡು ಕಲ್ಲು ಹತ್ತಿಸಿದರೂ ರಿಮ್ಮಿಗೆ ಸಿಕ್ಕಿ ಟ್ಯೂಬು ಎರಡು ಕಡೆ ತೂತಾಗುತ್ತದೆ.

ಹಳೆಯ ವಿದ್ಯಾರ್ಥಿಗಳ ಸಂಘದವರು ಸುವರ್ಣ ಮಹೋತ್ಸವದ ನೆನಪಿಗೆ ಏನು ಕೊಡಲಿ ಎಂದು ಕೇಳಿದ್ದಾರೆ. ಸೈಕಲ್ ಸ್ಟ್ಯಾಂಡಿಗೆ ಒಂದು ಕಾಲ್ಪಂಪು, ಸಲ್ಯೂಷನ್, ತೇಪೆ, ಒಂದು ಅರ ಮತ್ತು ಚಿಮುಟ ಎಂದು ಬರೆದುಕೊಟ್ಟಿದ್ದೇನೆ.